ಮುಚ್ಚಿದ ಬಚ್ಚಲ ಕಿಟಕಿ

ಬಾಡಿಗೆ ಮನೆ ನೋಡಲು ಹೋದಾಗ ನನ್ನ ಹೆಂಡತಿ ಸುಮತಿ ಮೊದಲು ನಲ್ಲಿ ತಿರುಗಿಸಿ ನೋಡುತ್ತಾಳೆ. ನಾನು ಪುಸ್ತಕದ ಕಪಾಟು ಯಾವ ಗೋಡೆಗೆ ಒರಗೀತೆಂದು ಯೋಚಿಸುತ್ತೇನೆ. ವರ್ಗಾವಣೆಯ ಕೃಪೆಯಿಂದ ಪುತ್ತೂರಿನಲ್ಲೂ ಕಡಬದಲ್ಲೂ ಪರರ ಗೋಡೆಗಳಿಗೆ ಮೊಳೆ ಹೊಡೆದು ಬೈಸಿಕೊಂಡು, ಸುಳ್ಯಕ್ಕೆ ಬರುವ ಹೊತ್ತಿಗೆ ಬಾಡಿಗೆಶಾಸ್ತ್ರದಲ್ಲಿ ನಾನೊಬ್ಬ ಪಂಡಿತನೆಂಬ ಭ್ರಮೆ ಚೆನ್ನಾಗಿ ಬಲಿತಿತ್ತು. ಆದರೆ ಬಚ್ಚಲಿಗೆ ಕಿಟಕಿ ಇದೆಯೇ ಎಂದು ಈ ಪಂಡಿತ ಎಲ್ಲಿಯೂ ನೋಡಿದವನಲ್ಲ. ನೀವಾದರೂ ನೋಡಿದ್ದೀರಾ?

ಸುಳ್ಯದಲ್ಲಿ ನಮಗೆ ಸಿಕ್ಕಿದ್ದು ಒಂದೇ ಹೆಂಚಿನ ಮಾಡಿನಡಿಯ ಮೂರು ಮನೆಗಳಲ್ಲಿ ನಡುವಿನದು. ಮಾಲಕರಾದ ಜಗನ್ನಾಥಣ್ಣ ಕಿರಿದಾದ ಅಂಗಳದಾಚೆ ಸ್ವಂತ ಮನೆಯಲ್ಲಿದ್ದರು. ಆಲೆಟ್ಟಿಯ ತಮ್ಮ ತೋಟಕ್ಕೆ ಹೋಗಿ ಬಂದ ದಿನ ಮೂರು ಬಾಗಿಲಿಗೂ ಬಸಳೆಯ ಕಟ್ಟು ತಲುಪಿಸುವಷ್ಟು ಉದಾರಿ. ಬಚ್ಚಲುಗಳೆಲ್ಲ ಅವರ ಜಗಲಿಗೆ ಎದುರಾಗಿದ್ದವು. ಹೆಂಗಸರು ಸ್ನಾನ ಮಾಡುವ ಜಾಗದ ಎದುರು ತಾವು ಕೂರುವುದು ಚಂದವಲ್ಲವೆಂದು ಅವರು ಬಚ್ಚಲ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿ ಸಿಮೆಂಟು ಬಳಿಸಿದ್ದರು. ಒಳಗೆ ಗ್ಯಾಸ್ ಗೀಸರುಗಳಿದ್ದವು. ಮುಚ್ಚಿದ ಆ ಕಿಟಕಿಯ ಸಭ್ಯತೆಯನ್ನು ನಾವೂ ಮೆಚ್ಚಿ ಮಾತಾಡಿಕೊಂಡದ್ದುಂಟು.

ಬಲಬದಿಯ ಮನೆಯಲ್ಲಿ ರಹಿಮಾನ್ ಮತ್ತು ಝೊಹರಾ ದಂಪತಿ. ರಹಿಮಾನರಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ಮಗಳು ನಸೀಮಾ ಪಿಯುಸಿ ಓದುತ್ತಿದ್ದಳು. ಒಂದು ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಝೊಹರಾ ಕಿರುಚಿದ್ದು ಕೇಳಿ ನಾವಿಬ್ಬರೂ ಓಡಿದೆವು. ಸ್ನಾನಕ್ಕೆ ಹೋದ ಹುಡುಗಿ ಎಷ್ಟು ಕರೆದರೂ ಓಗೊಡುತ್ತಿಲ್ಲ. ಒಳಗೆ ನೀರು ಸುರಿಯುವ ಸದ್ದು ಮಾತ್ರ. ದೂಡಬೇಕಾದ ಬಾಗಿಲನ್ನು ನಾನು ಎಳೆಯುತ್ತ ನಿಂತಿದ್ದಾಗ ಹೆಂಗಸರಿಬ್ಬರೂ ನನ್ನನ್ನು ಸರಿಸಿ, ಭುಜ ಕೊಟ್ಟು ಚಿಲಕ ಮುರಿದರು. ನಸೀಮಾ ನೆಲದಲ್ಲಿ ಬಿದ್ದಿದ್ದಳು; ಗೀಸರಿನ ಉರಿ ನೀಲಿಯಾಗಿ ಇನ್ನೂ ಉರಿಯುತ್ತಿತ್ತು. ಝೊಹರಾ ಮಗಳಿಗೆ ಬಟ್ಟೆ ಸುತ್ತಿ ಅಂಗಳಕ್ಕೆ ಹೊತ್ತು ತಂದು ಮಲಗಿಸಿದರು. ಜಗನ್ನಾಥಣ್ಣ ಆಗಷ್ಟೇ ತೋಟಕ್ಕೆ ಹೊರಟುಹೋಗಿದ್ದರಿಂದ ಎದುರಿನ ಜಗಲಿ ಖಾಲಿಯಿತ್ತು.

ಹುಡುಗಿ ಉಳಿದಳು. ಮುಚ್ಚಿದ ಕೋಣೆಯಲ್ಲಿ ಉರಿ ಗಾಳಿಯನ್ನು ತಿಂದು ವಿಷವನ್ನು ಉಗುಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ವಿವರಿಸಿದರು. "ಇನ್ನು ಸ್ವಲ್ಪ ತಡವಾಗಿದ್ದರೆ…" ಎಂದು ಶುರುಮಾಡಿದ ವಾಕ್ಯವನ್ನು ಝೊಹರಾರ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಜಗನ್ನಾಥಣ್ಣ ಎಳನೀರು ಹಿಡಿದು ಆಸ್ಪತ್ರೆಗೆ ಬಂದರು. ಕಿಟಕಿಯ ಮಾತೆತ್ತಿದಾಗ ಮಾತ್ರ ಗಟ್ಟಿಯಾದರು. "ಅದು ಗೀಸರಿನ ದೋಷ ಮಾರಾಯ್ರೆ, ಬೇರೆ ಹಾಕಿಸುವ. ಕಿಟಕಿ ಬಿಡಿಸಿ ನಾಳೆ ಎಂತಾದ್ರೂ ಮಾತು ಬಂದ್ರೆ ಯಾರು ಕೇಳುದು? ಅಷ್ಟು ಹೆದರಿಕೆ ಉಂಟಾದ್ರೆ ಬೇರೆ ಮನೆ ನೋಡಿ, ನಂಗೆ ಬೇಸರ ಇಲ್ಲ."

ರಹಿಮಾನರಿಗೆ ಆ ಕೊನೆಯ ಮಾತೇ ನಾಟಿತು. "ಪರೀಕ್ಷೆ ಹತ್ರ ಬಂತು. ಈಗ ಮನೆ ಸಿಗುದು ಸುಲಭವಾ? ಸುಮ್ಮನಿರುವ" ಎಂದರು.

"ಅವಳನ್ನು ಹೊತ್ತು ಹೊರಗೆ ಮಲಗಿಸಿದ್ದು ನಾನು. ನಂಗೆ ಸುಮ್ಮನಿರ್ಲಿಕ್ಕೆ ಆಗುದಿಲ್ಲ" ಎಂದ ಝೊಹರಾ, ಮರುದಿನವೇ ಸುಮತಿಯೊಡನೆ ನಗರ ಪಂಚಾಯತಿಗೆ ಹೊರಟರು. ಹಿಂದಿನಿಂದ ಕೊಡೆ ಹಿಡಿದು ಹೋದವನು ನಾನು. ಬಾಡಿಗೆದಾರನಿಗೆ ಅಂಥ ಕಚೇರಿಯಲ್ಲಿ ಏನು ಕೆಲಸವೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಮನೆಯ ತೆರಿಗೆ ಕಟ್ಟುವವರು ಮಾಲಕರು, ಗೋಡೆ ಮಾಲಕರದು. ಆ ಗೋಡೆಗಳ ನಡುವೆ ಆಡುವ ಉಸಿರು ಮಾತ್ರ ನಮ್ಮದೆಂಬುದು ಅಂದು ಮೆಟ್ಟಿಲು ಹತ್ತುವಾಗ ಹೊಳೆಯಿತು.

ದೂರು ಕೇಳಿದ ಆರೋಗ್ಯ ನಿರೀಕ್ಷಕಿ ಪ್ರಮೀಳಾ ಅದೇ ವಾರ ಬಂದರು. ಬಚ್ಚಲೊಳಗೆ ನಿಂತು ನೋಡಿ, ಅಂಗಳಕ್ಕೆ ಬಂದು ಹೇಳಿದರು: "ಬಾಡಿಗೆ ಕೊಟ್ಟ ಮನೆ ಆದ್ರೂ ಗಾಳಿ ಬೆಳಕು ಬೇಕೇ ಬೇಕು. ಗೀಸರು ಹೊರಗೆ ಹೋಗ್ಬೇಕು, ಕಿಟಕಿ ತೆಗೀಬೇಕು. ಈ ಮನೆಗೆ ನೋಟಿಸು ಕೊಡ್ತೇನೆ. ದೂರು ಕೊಟ್ರು ಅಂತ ಇವರನ್ನು ಮನೆಯಿಂದ ಏಳಿಸುವ ಮಾತು ಬೇಡ."

ಜಗನ್ನಾಥಣ್ಣನ ಮುಖ ಕೆಂಪಾಯಿತು. "ನಮ್ಮ ಮನೆಗೆ ನೋಟಿಸಾ? ಇವರಿಗೆ ನಾನು ಎಂತ ಕಡಿಮೆ ಮಾಡಿದ್ದೇನೆ, ಕೇಳಿ!"

ಬಸಳೆಯ ಕಟ್ಟುಗಳು ನೆನಪಾಗಿ ನಾನು ನೆಲ ನೋಡಿದೆ. ಆಗ ಹೊಸ್ತಿಲಲ್ಲಿ ನಿಂತಿದ್ದ ನಸೀಮಾ ಮಾತಾಡಿದಳು.

"ಅಂಕಲ್, ಅವತ್ತು ನೀವು ಜಗಲಿಯಲ್ಲಿ ಫೋನಲ್ಲಿ ಮಾತಾಡ್ತಾ ಇದ್ರಿ. ಕಲ್ಲುಗುಂಡಿಯ ಮದುವೆಗೆ ಹೋಗುದಾ ಬೇಡವಾ ಅಂತ. ನಿಮ್ಮ ಸ್ವರ ದೊಡ್ಡದಲ್ವಾ, ಗೋಡೆ ಇದ್ರೂ ನಂಗೆ ಕೇಳ್ತಿತ್ತು. ಕಾಲು ಎಳೀಲಿಕ್ಕೆ ಆಗ್ಲಿಲ್ಲ. ಹತ್ತಿರ ಇದ್ದದ್ದು ನೀವೇ ಅಂತ ನಿಮ್ಮನ್ನೇ ಕರೆದೆ. ಆದ್ರೆ ಮೆಲ್ಲ ಬಂತು ಸ್ವರ."

ಜಗನ್ನಾಥಣ್ಣ ಮುಚ್ಚಿದ ಕಿಟಕಿಯತ್ತ ತಿರುಗಿದರು. ಆಮೇಲೆ ನಿಧಾನಕ್ಕೆ ಜಗಲಿಯ ಅಂಚಿನಲ್ಲಿ ಕುಳಿತು, "ಹೌದು, ಮಾತಾಡ್ತಾ ಇದ್ದೆ" ಎಂದರು. "ಇಲ್ಲೇ ಇದ್ದೆ ನಾನು."

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದ. ನೋಟಿಸು ಒಂದೇ ಮನೆಗಾದರೂ ಜಗನ್ನಾಥಣ್ಣ ಮೂರೂ ಬಚ್ಚಲುಗಳ ಕಿಟಕಿಯ ಇಟ್ಟಿಗೆ ಒಡೆಸಿದರು. ಗೀಸರುಗಳನ್ನು ಹೊರಗೋಡೆಗೆ ಸಾಗಿಸಿ, ಎತ್ತರದ ಕಿಂಡಿಗಳಿಗೆ ಓರೆಯಾದ ಸಿಮೆಂಟಿನ ಪಟ್ಟಿ ಕೂರಿಸಿದರು. ಗಾಳಿ ಒಳಬರುತ್ತದೆ, ಕಣ್ಣು ಬರುವುದಿಲ್ಲ. ಸಭ್ಯತೆಗೂ ಉಸಿರಿಗೂ ಒಟ್ಟಿಗೆ ಎಡೆ ಮಾಡಿಕೊಡುವ ಉಪಾಯ ಇಷ್ಟು ಸಣ್ಣದಿತ್ತು.

ರಹಿಮಾನರು ಹೆದರಿದಂತೆ ಯಾರೂ ಮನೆ ಬಿಡಬೇಕಾಗಲಿಲ್ಲ. ನಸೀಮಾ ಪರೀಕ್ಷೆ ಬರೆದಳು. ಆದರೆ ಝೊಹರಾರ ಎದೆಯೊಳಗಿನ ಹೆದರಿಕೆಗೆ ಯಾವ ಪಂಚಾಯತಿ ನೋಟಿಸು ಕೊಟ್ಟೀತು? ಮಗಳು ಸ್ನಾನಕ್ಕೆ ಹೋದರೆ ಇಂದಿಗೂ ಅವರು ಬಾಗಿಲ ಬಳಿ ನಿಂತು "ನಸೀ" ಎಂದು ಕರೆಯುತ್ತಾರೆ. ಆ ಕರೆ ಕಿಂಡಿಯಿಂದ ಅಂಗಳಕ್ಕೂ ಕೇಳುತ್ತದೆ. ಅಂಗಳದಾಚೆಯ ಅಡಿಗೆಮನೆಯಲ್ಲಿ ಜಗನ್ನಾಥಣ್ಣನ ಹೆಂಡತಿ ತೆಂಗಿನಕಾಯಿ ಅರೆಯುತ್ತಿದ್ದರೆ ಮಿಕ್ಸಿ ತಟ್ಟನೆ ನಿಲ್ಲುತ್ತದೆ. ಬಚ್ಚಲಿನಿಂದ "ಎಂತ ಉಮ್ಮಾ, ಇದ್ದೇನೆ" ಎಂಬ ಉತ್ತರ ಬಂದ ಮೇಲೆಯೇ ಅದು ಮತ್ತೆ ಶುರುವಾಗುವುದು.