ದೇವದುರ್ಗಕ್ಕೆ ಹೋದ ಟವೆಲ್

ಮಾನ್ವಿ ಬಸ್ ನಿಲ್ದಾಣದಲ್ಲಿ ಇವತ್ತು ಟವೆಲ್ ಕಳೆದುಕೊಂಡೆ. ಕಳೆದುಕೊಂಡು ಇಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಬೇಸಿಗೆ ರಜೆಯೆಲ್ಲ ನಮ್ಮ ಮನೆಯಲ್ಲಿದ್ದ ಮೊಮ್ಮಗಳು ಗೌರಿಯನ್ನು ರಾಯಚೂರಿಗೆ, ಅವಳ ತಾಯಿಯ ಹತ್ತಿರ ಬಿಡಲು ಹೊರಟಿದ್ದೆ. ಅವಳ ಚೀಲದ ತುಂಬ ಓಣಿಯವರು ಕೊಟ್ಟ ಶೇಂಗಾ ಉಂಡೆ, ಹಪ್ಪಳ, ಮಾವಿನಕಾಯಿ. ಬಂದದ್ದು ನಮ್ಮ ಮನೆಗೆ, ಬೀಳ್ಕೊಟ್ಟದ್ದು ಇಡೀ ಓಣಿ. ಒಬ್ಬೊಬ್ಬರಿಗೂ ಕೈ ಮುಗಿಯಬೇಕು ಅನಿಸಿತ್ತು. ಆದರೆ ಹುಡುಗಿ ಬೆಳಿಗ್ಗೆಯಿಂದ ಅವ್ವನ ಜಪ ಮಾಡುತ್ತಿದ್ದಳು. ನಮ್ಮ ಸಹವಾಸ ಸಾಕಾಯಿತೇನೋ, ಮುಂದಿನ ವರ್ಷ ಬರುತ್ತಾಳೋ ಇಲ್ಲವೋ ಎಂಬ ಅಳುಕು ನನಗೆ.

ಬಸ್ ಬಂತು. ಜನರ ನಡುವೆ ನುಗ್ಗಿ, ಕಿಟಕಿಯೊಳಗೆ ಟವೆಲ್ ಹಾಕಿ ಸೀಟು ಹಿಡಿದೆ. ತಿರುಗಿ ನೋಡಿದರೆ, ಕಳಿಸಲು ಬಂದಿದ್ದ ಗೆಳೆಯ ಮೌಲಾಸಾಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಲೇ ಈರಣ್ಣಾ, ಅದು ದೇವದುರ್ಗದ ಬಸ್ಸಲೇ! ರಾಯಚೂರಿಂದು ಅಕಾ, ಅಲ್ಲಿ ಹೊಂಟದ ನೋಡು!”

ರಾಯಚೂರು ಬಸ್ಸೂ ಹೋಯಿತು. ನಾನು ಈ ಬಸ್ಸಿನ ಬಾಗಿಲಿಗೆ ಮುಟ್ಟುವುದರೊಳಗೆ ಟವೆಲ್ಲೂ ದೇವದುರ್ಗಕ್ಕೆ ಹೋಯಿತು.

“ಯಾರಿಗರ ಮುಖ ಒರಸ್ಕೊಳ್ಳಾಕ ಆತು ಬಿಡು,” ಎಂದು ಮೌಲಾಸಾಬ ಬಿಸಿ ಮಿರ್ಚಿ ತಂದ. ಮೂವರೂ ಕಲ್ಲುಬೆಂಚಿನ ಮೇಲೆ ಕೂತು, ಖಾರಕ್ಕೆ ಉಸ್ ಉಸ್ ಎನ್ನುತ್ತ, ನನ್ನ ಪೆದ್ದತನಕ್ಕೆ ನಕ್ಕಿದ್ದೇ ನಕ್ಕಿದ್ದು.

ಅಷ್ಟರಲ್ಲಿ ಮತ್ತೊಂದು ರಾಯಚೂರು ಬಸ್ ಬಂದು ನಿಂತಿತು. ಗೌರಿಯೇ ಓಡಿಹೋಗಿ, ಮೆಟ್ಟಿಲು ಹತ್ತಿ ಒಳಗೆ ಇಣುಕಿ, ಇಳಿದು ಬಂದಳು.

“ಭಾಳ ರಶ್ ಅದ ತಾತಾ. ಮುಂದಿನದಕ್ಕ ಹೋಗೋಣು.”

ನಾನೂ ಕಿಟಕಿಯಿಂದ ನೋಡಿದೆ. ಅರ್ಧಕ್ಕರ್ಧ ಸೀಟು ಖಾಲಿ.

“ಹೌದವ್ವಾ,” ಎಂದೆ, “ಕಾಲಿಡಾಕ ಜಾಗ ಇಲ್ಲ.”