ಹನ್ನೆರಡು ಚೌಕದ ಸ್ಲೇಟು

ಸ್ಲೇಟಿಗೆ ಒದ್ದೆ ಬಟ್ಟೆ ತಗುಲಿದೊಡನೆ ಏಳುವ ವಾಸನೆ ನಿಮಗೂ ನೆನಪಿರಬೇಕು. ಇವತ್ತು ಬೆಳಿಗ್ಗೆ ನನ್ನ ಹಳೆಯ ಸ್ಲೇಟನ್ನು ಒರೆಸಿದೆ. ಅದರ ಮೇಲೆ ಮೊಳೆಯಿಂದ ಗೀರಿದ ಹನ್ನೆರಡು ಚೌಕಗಳಿವೆ, ಜಾತಕದ ಹನ್ನೆರಡು ಮನೆಗಳು. ಎಷ್ಟು ಒರೆಸಿದರೂ ಅವು ಹೋಗುವುದಿಲ್ಲ. ಗ್ರಹಗಳನ್ನು ಮಾತ್ರ ಬಳಪದ ಕಡ್ಡಿಯಲ್ಲಿ ಬರೆಯಬೇಕು, ಅಳಿಸಬೇಕು. ಗೀರಿಕೊಟ್ಟವರು ಹಿರಿಯಡ್ಕದ ಜೋಯಿಸರು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಉಡುಪಿಯ ಬಟ್ಟೆ ಅಂಗಡಿಯಲ್ಲಿ ವಾರವಿಡೀ ಸೀರೆ ಬಿಡಿಸಿ ಮಡಚುತ್ತಿದ್ದ ನಾನು, ಭಾನುವಾರ ಕಾರ್ಕಳದ ಬಸ್ಸು ಹತ್ತಿ, ಹಿರಿಯಡ್ಕದಲ್ಲಿ ಇಳಿದು ಜೋಯಿಸರ ಜಗಲಿಗೆ ಹೋಗುತ್ತಿದ್ದೆ. ಜಾತಕ ನೋಡಲು ಕಲಿತೇ ತೀರುತ್ತೇನೆಂಬ ಹಟ. ಯಾಕೆಂದು ಕೇಳಬೇಡಿ, ಸೀರೆ ಮಡಚುವವನಿಗೂ ನಾಲ್ಕು ಜನ ತನ್ನ ಮಾತು ಕೇಳಲಿ ಎಂಬ ಆಸೆ ಇರುತ್ತದೆ. ಯಾವ ಮನೆಯಲ್ಲಿ ಯಾವ ಗ್ರಹವಿದ್ದರೆ ಏನು ಫಲ ಎಂಬುದೆಲ್ಲ ಆರು ತಿಂಗಳಲ್ಲಿ ಬಾಯಿಪಾಠವಾಯಿತು. ಜೋಯಿಸರಿಗೆ ಮಾತ್ರ ಸಮಾಧಾನವಿಲ್ಲ. “ಇಂಗು ನೆಕ್ಕಿ ಸಾರು ಹೇಗುಂಟು ಅಂತ ಹೇಳ್ತೀಯಲ್ಲ ಮಾರಾಯ! ಹನ್ನೆರಡೂ ಮನೆ ನೋಡದೆ ಬಾಯಿ ತೆರೆಯಬೇಡ” ಎನ್ನುತ್ತಿದ್ದರು.

ತೆರೆದೆ. ಕಾಪುವಿನ ರತ್ನಕ್ಕ, ಉಡುಪಿ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು, ಮಗಳು ವನಿತಾಳ ನಿಶ್ಚಿತಾರ್ಥಕ್ಕೆ ಸೀರೆ ಕೊಳ್ಳಲು ಬಂದಿದ್ದರು. ಚೀಲದಲ್ಲಿ ಮಗಳ ಜಾತಕವೂ ಇತ್ತು. ನಾನಾಗಿಯೇ ಕೇಳಿ ತೆಗೆಸಿ, ಚೀಟಿಯಲ್ಲಿ ನಕಲು ಮಾಡಿಕೊಂಡು, ಮದುವೆಯನ್ನು ಹೇಳುವ ಏಳನೆಯ ಚೌಕವೊಂದನ್ನೇ ಹಿಡಿದು, “ಏಳರಲ್ಲಿ ಕುಜ! ಗಂಡನಿಗೆ ಒಳ್ಳೆಯದಲ್ಲ” ಎಂದುಬಿಟ್ಟೆ. ರತ್ನಕ್ಕ ಆರಿಸಿದ ಸೀರೆಯನ್ನು ಅಲ್ಲೇ ಬಿಟ್ಟು ಎದ್ದರು. ಮಲ್ಪೆಯ ಗಂಡಿನ ಮನೆಯವರಿಗೆ ಮುಚ್ಚಿಡದೆ ಹೇಳಿದರಂತೆ; ಅವರು ಹಿಂದೆ ಸರಿದರಂತೆ. ಸುದ್ದಿ ಕೇಳಿ ನನಗೆ ಮೊದಲು ಆದದ್ದು ಹೆಮ್ಮೆ. ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಭಾನುವಾರ ಆ ಜಾತಕವನ್ನು ಚೀಟಿ ನೋಡಿ ಸ್ಲೇಟಿನಲ್ಲಿ ಬರೆದು ಜೋಯಿಸರ ಮುಂದಿಟ್ಟೆ.

“ಲಗ್ನ ಎಂತ?”

“ಕರ್ಕಾಟಕ.”

“ಕುಜ ಎಲ್ಲಿದ್ದಾನೆ?”

“ಮಕರದಲ್ಲಿ.” ಹೇಳುವಾಗಲೇ ನನ್ನ ತಪ್ಪು ನನಗೆ ಕಂಡಿತು. ಮಕರ ಕುಜನ ಉಚ್ಚಸ್ಥಾನ. ಅಲ್ಲಿ ಅವನು ಕಾಯುವವನು, ಕೆಡಿಸುವವನಲ್ಲ. ಸಾಲದೆಂಬಂತೆ ಮೊದಲ ಮನೆಯಾದ ಲಗ್ನದಲ್ಲಿ ಗುರು ಕುಳಿತು ನೇರ ಅವನನ್ನೇ ನೋಡುತ್ತಿದ್ದಾನೆ. ದೋಷವೆಂಬುದು ಇರಲೇ ಇಲ್ಲ.

“ರತ್ನಕ್ಕನಿಗೆ ನೀವೊಂದು ಮಾತು ಹೇಳಿದರೆ...” ಎಂದೆ.

“ನಾನ್ಯಾಕೆ? ಹೇಳಿದವನು ನೀನಲ್ವಾ? ನೀನೇ ಹೋಗು.”

ರತ್ನಕ್ಕ ಮಾರ್ಕೆಟ್ಟಿಗೆ ಹೊರಡುವ ಮೊದಲೇ ತಲುಪಬೇಕೆಂದು ಮರುದಿನ ಮೊದಲ ಬಸ್ಸಿಗೆ, ಸ್ಲೇಟು ಕಂಕುಳಲ್ಲಿಟ್ಟುಕೊಂಡು ಕಾಪುವಿಗೆ ಹೋದೆ. ನನ್ನದು ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಒಳಬಾಗಿಲಲ್ಲಿ ನಿಂತಿದ್ದ ವನಿತಾ ಕೇಳಿದಳು: “ನಮ್ಮ ಹತ್ತಿರ ಹೇಳಿ ಎಂತ ಪ್ರಯೋಜನ? ಮಲ್ಪೆಗೆ ಬಂದು ಅವರ ಮನೆಯಲ್ಲಿ ಹೇಳ್ತೀರಾ?”

ಹೇಳಿದೆ. ಬಲೆ ಸರಿಮಾಡುತ್ತಿದ್ದ ಗಂಡಿನ ಅಪ್ಪನ ಎದುರು ನೆಲದಲ್ಲಿ ಕುಳಿತು, ಲಗ್ನದಿಂದ ಹಿಡಿದು ಹನ್ನೆರಡೂ ಮನೆ ಸುತ್ತಿ ಬಂದೆ. ಕಡ್ಡಿ ಎರಡು ಸಲ ಮುರಿಯಿತು. ಬಿಡಿಬಿಡಿಯಾಗಿ ಕಲಿತದ್ದೆಲ್ಲ ಕೂಡಿಕೊಂಡು ಒಬ್ಬ ಹುಡುಗಿಯ ಬದುಕಾಗಿ ನನಗೆ ಕಾಣಿಸಿದ್ದು ಆ ದಿನವೇ. ಅವರು ಬಲೆಯಿಂದ ತಲೆಯೆತ್ತಿ, “ತಪ್ಪಾಯ್ತು ಅಂತ ಹೇಳಲಿಕ್ಕೆ ಮನೆವರೆಗೆ ಬಂದ ಜೋಯಿಸರನ್ನು ನಾನು ನೋಡಿಲ್ಲ” ಎಂದರು. ಮದುವೆ ನಡೆಯಿತು.

ಈಗ ಸ್ಲೇಟು ಒಣಗಿದೆ. ಎದುರಿಗೆ ಮಗಳ ಜಾತಕ ಹಿಡಿದು ಕುಳಿತಿರುವವಳು ಅದೇ ವನಿತಾ. ಗಂಡಿನವರು ಮುಂದಿನ ವಾರ ಬರುತ್ತಾರಂತೆ.

“ಏಳರಲ್ಲಿ ಎಂತ ಉಂಟು ಅಣ್ಣ? ಅದೊಂದು ಬೇಗ ಹೇಳಿ.”

“ಹನ್ನೆರಡೂ ನೋಡದೆ ನಾನು ಬಾಯಿ ತೆರೆಯುವುದಿಲ್ಲ” ಎಂದು ಕಡ್ಡಿ ಕೈಗೆತ್ತಿಕೊಂಡೆ.

ಅವಳು ಗೋಡೆಗೆ ಒರಗಿ ಕುಳಿತಳು. “ಗೊತ್ತುಂಟು. ಅದಕ್ಕೇ ನಿಮ್ಮ ಹತ್ತಿರ ಬಂದದ್ದು.”