ನನ್ನನ್ನು ಯಾರೂ ಕೇಳದ ಪ್ರಶ್ನೆಗಳು

ನಮ್ಮೂರು ಸಂಶಿಯಲ್ಲಿ ದಾರಿಯಲ್ಲಿ ಎದುರಾದವರು ಊಟ ಆತೇನ್ರಿ ಅನ್ನುತ್ತಾರೆ, ನಾವು ಆತ್ರಿ ಅನ್ನುತ್ತೇವೆ. ಹೊಟ್ಟೆ ಖಾಲಿ ಇದ್ದರೂ ಆತ್ರಿಯೇ. ಕೇಳಿದವರಿಗೂ ಅದು ಗೊತ್ತು. ಉತ್ತರ ಬರುವಷ್ಟರಲ್ಲಿ ಅವರು ಮುಂದೆ ದಾಟಿರುತ್ತಾರೆ. ಇದೇ ವಿದ್ಯೆ ನಂಬಿಕೊಂಡು ನಾನು ಮೊಮ್ಮಗಳನ್ನು ತಾಲೂಕು ದವಾಖಾನೆಗೆ ಕರೆದುಕೊಂಡು ಹೋದೆ.

ಮೊಮ್ಮಗಳು ಸಹನಾ ಶಾಲೆಯಲ್ಲಿ ಐದನೇ ಇಯತ್ತೆ. ಹೆಸರಿನಷ್ಟು ಸಹನೆ ಈಗ ಉಳಿದಿಲ್ಲ. ಕೆಲವು ವಾರಗಳಿಂದ ತಾಟಿನಲ್ಲಿ ರೊಟ್ಟಿ ಬಿಟ್ಟು ಏಳುತ್ತಾಳೆ, ಆಟಕ್ಕೆ ಕರೆದರೆ ಗೋಡೆಗೆ ಮುಖ ಮಾಡುತ್ತಾಳೆ. ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮನೆಮಂದಿಯೆಲ್ಲ ಕೆಮ್ಮಿದರೇ ಹೊರತು ಅವಳು ಮಾತ್ರ ಹಾಗೇ ಇದ್ದಳು. ಕಡೆಗೆ ಶಾಲೆಯಲ್ಲಿ ಕಲಿಸುವ ಬಾಯಾರು ದವಾಖಾನೆಗೆ ತೋರಿಸಿ ಎಂದರು. ಸೊಸೆ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು, ನಾನು ಹೊರಟೆ.

ಅಲ್ಲಿ ಇನ್ನೊಬ್ಬ ಬಾಯಾರು, ಇವರು ನರ್ಸು, ಕೈಯಲ್ಲಿ ಪ್ರಶ್ನೆಗಳ ಹಾಳೆ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಿಡುಕುತ್ತಾಳೆಯೇ. ಯಾವಾಗಲೂ, ಒಮ್ಮೊಮ್ಮೆ, ಇಲ್ಲವೇ ಇಲ್ಲ ಎಂದು ಹೇಳಬೇಕಂತೆ. ಹೆಣ್ಣಿನ ಬಗ್ಗೆ ಪರರು ಹೀಗೆ ಕೂತು ವಿಚಾರಿಸುವುದನ್ನು ನಾನು ಕಂಡದ್ದು ಕನ್ಯಾ ನೋಡಲು ಬಂದಾಗ ಮಾತ್ರ. ಅಭ್ಯಾಸಬಲ; ಎಲ್ಲದಕ್ಕೂ ಚಲೋ ಎಂದೆ. ಕೇಳದಿದ್ದರೂ ರಂಗೋಲಿ ಹಾಕುತ್ತಾಳೆ ಎಂದೂ ಸೇರಿಸಿದೆ. ಬಾಯಾರು ನಗಲಿಲ್ಲ. ಮಕ್ಕಳೇ ಉತ್ತರ ಹೇಳುವ ಹಾಳೆ ಬೇರೆ ಇದೆ ಎಂದು ಅವಳತ್ತ ತಿರುಗಿದರು.

"ಅಳು ಬರತೈತೇನವಾ?"

"ದಿನಾ ಬರತೈತ್ರಿ."

"ಯಾರ ಮುಂದರ ಹೇಳೀಯೇನು?"

"ಇಲ್ರಿ. ಯಾರೂ ಕೇಳಿಲ್ರಿ."

ಅಂದು ಒಲೆಗೆ ಹಾಕಿದ ಮೆಣಸಿನಕಾಯಿಯ ಘಾಟು ಈಗ ನನ್ನ ಎದೆಗೆ ಹತ್ತಿತು. ಎಣ್ಣೆ ಹಚ್ಚಿ ಎರೆದು ಬೆಳೆಸಿದವಳು ನಾನು, ಅವಳು ಅಳು ಒಪ್ಪಿಸಿದ್ದು ಈಗಷ್ಟೇ ಕಂಡವರಿಗೆ. ಹುಡುಗಿಯ ಮೇಲೂ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಅವಳ ವಯಸ್ಸಿನಲ್ಲಿ ನಾನೂ ಗೋಡೆಗೆ ಮುಖ ಮಾಡಿದ್ದೆ. ನಮ್ಮವ್ವ ಎಬ್ಬಿಸಿ ಬೀಸುವ ಕಲ್ಲಿನ ಮುಂದೆ ಕೂಡಿಸಿದಳು, ನನ್ನ ಔಷಧ ಅಲ್ಲಿಗೆ ಮುಗಿಯಿತು.

"ನನಗೂ ಕೇಳ್ರಲಾ," ಎಂದೆ.

"ಇದು ಹುಡುಗೂರ ಹಾಳಿ ಐತ್ರಿ ಅಮ್ಮಾರ," ಎಂದರು ಬಾಯಾರು. ಹಾಳೆಯೊಂದರಿಂದಲೇ ಜಡ್ಡು ಇಂಥದ್ದೆಂದು ಗೊತ್ತಾಗುವುದಿಲ್ಲ, ಯಾವ ಮಗುವನ್ನು ಡಾಕ್ಟರು ಕೂತು ನೋಡಬೇಕೆಂಬುದಷ್ಟೇ ತಿಳಿಯುತ್ತದಂತೆ. ಮುಂದಿನ ವಾರ ಡಾಕ್ಟರ ಹತ್ತಿರ ಬನ್ನಿ, ಇದ್ದದ್ದು ಇದ್ದ ಹಾಗೆ ಹೇಳಿ ಎಂದು ನನಗೇ ಬುದ್ಧಿ ಹೇಳಿ ಕಳಿಸಿದರು.

ಬಸ್ಸಿನಿಂದ ಇಳಿದರೆ ಎದುರುಮನೆ ನೀಲವ್ವ. ಊಟ ಆತೇನ್ರಿ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸಹನಾ ಹೇಳಿದಳು: "ಇಲ್ರಿ. ನನಗ ಉಣಬೇಕು ಅನಸವಲ್ದು."

ನೀಲವ್ವ ಹೋಗುತ್ತಿದ್ದವಳು ನಿಂತುಬಿಟ್ಟಳು. ಯಾಕವಾ ಎಂದು ಹತ್ತಿರ ಬಂದಳು. ಒಂದೇ ದಿನ ಮೊಮ್ಮಗಳನ್ನು ಇಬ್ಬರಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

"ನೀ ನಡಿ ನೀಲವ್ವಾ. ಈಕಿನ್ನ ನಾ ಕೇಳತೇನಿ," ಎಂದೆ.

ಅವಳು ಹೋದ ಮೇಲೆ ಕಟ್ಟೆಯ ಮೇಲೆ ಹುಡುಗಿಯನ್ನು ಕೂಡಿಸಿ, ಯಾಕ ಅಂತ ಕೇಳಿದೆ. ಕೇಳಿ, ದಾಟಿ ಹೋಗದೆ, ಅಲ್ಲೇ ಬಾಜು ಕೂತೆ.